ಮೆತ್ತುಖಾರಕ್ಕೊಂದು ಮೂಗು

ನಮ್ಮ ಮನೆಯ ಮಾಳಿಗೆಯ ಮೇಲೆ ಎರಡು ತಂತಿಗಳಿವೆ. ಒಂದು ಬಟ್ಟೆಗೆ, ಇನ್ನೊಂದು ಮಾಂಸಕ್ಕೆ. ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಂಡು ಒಂದೇ ಜೋಡಿ ಕಂಬಗಳಿಗೆ ಕಟ್ಟಿದ್ದರಿಂದ ನೋಡುವುದಕ್ಕೆ ಅವಳಿ ಮಕ್ಕಳ ಹಾಗಿವೆ. ರೈಲ್ವೆ ಗೇಟಿನ ಕಡೆಯದು ಮಾಂಸದ್ದು ಎಂಬುದು ಈ ಮನೆಯಲ್ಲಿ ಹುಟ್ಟಿದವರಿಗೂ ಗೊತ್ತು, ಬಂದು ಸೇರಿದವರಿಗೂ ಗೊತ್ತು. ಐವತ್ತು ದಾಟಿದ ನನಗೂ ಗೊತ್ತಿತ್ತು. ಆದರೂ ಶಿವರಾತ್ರಿ ಕಳೆದ ವಾರದಲ್ಲಿ, ಮೋಡ ಕವಿಯಿತೆಂದು ಗಾಬರಿಬಿದ್ದು ಒದ್ದೆ ಅಂಗಿಯನ್ನು ಒಳಗೆ ತಂದೆ. ಅದು ಮೋಡವಲ್ಲ, ಯಾರೋ ಕಸ ಸುಟ್ಟ ಹೊಗೆ ಎಂದು ತಿಳಿದ ಮೇಲೆ ಮತ್ತೆ ಮೇಲೇರಿ ಹರವುವಾಗ ತಂತಿ ತಪ್ಪಿತು.

ಆ ತಂತಿಯಿಂದ ಹಿಂದಿನ ದಿನವಷ್ಟೇ ಉಪ್ಪುಕಂಡ ಇಳಿಸಿದ್ದೆವು. ಉಪ್ಪುಕಂಡ ಎಂದರೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕುರಿಯ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು-ಖಾರ ಮೆತ್ತಿ, ತಂತಿಗೆ ನೇತುಹಾಕಿ ಬಿಸಿಲಿನಲ್ಲಿ ಒಣಗಿಸಿಟ್ಟುಕೊಳ್ಳುವುದು. ಬೇಕಾದಾಗ ಕೆಂಡದ ಮೇಲೆ ಸುಟ್ಟು ಜಜ್ಜಿದರೆ, ಮುದ್ದೆಯ ಪಕ್ಕದಲ್ಲಿ ಬೇರೆ ಯಾವ ಸಾರೂ ತಲೆಯೆತ್ತುವುದಿಲ್ಲ.

ಬೆಳಿಗ್ಗೆ ಆ ಅಂಗಿ ತೊಟ್ಟು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ನನ್ನ ಗುಮಾಸ್ತಿಕೆ ಇರುವುದು ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಕಚೇರಿಯಲ್ಲಿ. ರೈಲು ಹೊರಟು ಸ್ವಲ್ಪ ಹೊತ್ತಿಗೆ ಎದುರಿನ ಸೀಟಿನ ಗಡ್ಡದಾತ ಗಾಳಿ ಮೂಸತೊಡಗಿದ. ಪಕ್ಕದವನೂ ಮೂಸಿದ. ಮೇಲಿನ ಹಲಗೆಯಲ್ಲಿದ್ದ ಟಿಫಿನ್ ಬಾಕ್ಸುಗಳನ್ನೆಲ್ಲ ಅನುಮಾನದಿಂದ ನೋಡಿದರು. ಕೊನೆಗೆ ಗಡ್ಡದಾತ ನನ್ನ ಭುಜದ ಹತ್ತಿರ ಮೂಗು ತಂದು, "ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ನೋಡಿದ್ರೆ ಅಸಿವಾಗ್ತದೆ" ಎಂದ. ನಾನು ಉರಿಗಾಂ ಸ್ಟೇಷನ್ನಿನವರೆಗೆ ತೋಳು ಬಿಗಿಹಿಡಿದುಕೊಂಡು ನಿಂತೇ ಹೋದೆ. ಕಚೇರಿಯಲ್ಲಿ ಅಂದು ಎಲ್ಲರೂ ಊಟಕ್ಕೆ ಬೇಗ ಎದ್ದರು. ನನ್ನಿಂದಲೇ ಎಂದು ನಾನು ಹೇಳಿಕೊಳ್ಳುವುದಿಲ್ಲ.

ಸಂಜೆ ಮನೆಗೆ ಬಂದವನೇ ಅಂಗಿ ಬಿಚ್ಚಿ ಅಮ್ಮನ ಮುಂದೆ ಹಿಡಿದೆ. "ನೋಡು, ನಿನ್ನ ಖಾರ ನನ್ನ ಮರ್ಯಾದೆ ತೆಗೀತು."

ಅಮ್ಮ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಉದ್ದಕ್ಕೆ ಉಸಿರೆಳೆದಳು. "ಏನೈತಲಾ ಇದ್ರಾಗೆ? ಸೋಪಿನ ವಾಸ್ನೆ ಗಮ್ಮಂತ ಬತ್ತದೆ" ಎಂದು ಕೈಗೆ ವಾಪಸು ಕೊಟ್ಟಳು.

ನಾನು ಅಂಗಿ ಹಿಡಿದುಕೊಂಡು ಹಾಗೆಯೇ ನಿಂತೆ. ಬೆಳ್ಳುಳ್ಳಿ, ಮೆಣಸು, ಹುರಿದ ಧನಿಯಾ ಮೂರೂ ನನ್ನ ಕೈಯಿಂದ ಎದ್ದು ಬರುತ್ತಿದ್ದವು. ಸೋಪಿನ ವಾಸನೆ ಸುಳಿವಿಗೂ ಇರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ನಾನೇಕೆ ನಿಂತೆ ಎಂಬುದು ನಿಮಗೆ ತಿಳಿಯುವುದಿಲ್ಲ.

ನಮ್ಮ ಬೀದಿಯಲ್ಲಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಎಲ್ಲ ಮನೆಯವರೂ ಸೇರಿ ಕುರಿ ಕುಯ್ಯುತ್ತಾರೆ. ಮಾಂಸವನ್ನು ಮುತ್ತುಗದ ಎಲೆಗಳ ಮೇಲೆ ಗುಡ್ಡೆ ಗುಡ್ಡೆಯಾಗಿ ಹಾಕಿ, ಎಲುಬು ಯಾರಿಗೆ ಹೆಚ್ಚು ಬಂತು, ಲಿವರು ಎನ್ನುತ್ತಾರಲ್ಲ ಆ ಈಲಿ ಯಾರಿಗೆ ಬಂತು ಎಂದು ವರ್ಷಕ್ಕಾಗುವಷ್ಟು ಜಗಳವಾಡಿ ಹಂಚಿಕೊಳ್ಳುತ್ತಾರೆ. ಸಾರಿಗೆ ಬೇಕಾದದ್ದನ್ನು ಇಟ್ಟುಕೊಂಡು, ಮಿಕ್ಕ ಮೆತ್ತನೆಯ ತುಂಡುಗಳನ್ನು ಪಾತ್ರೆಗೆ ಹಾಕಿಕೊಂಡು ಬರುವುದು ನಮ್ಮ ಹಿತ್ತಿಲಿಗೆ. ಮೆತ್ತುಖಾರ ನಮ್ಮ ಅಮ್ಮನದೇ ಆಗಬೇಕು. ಮೆತ್ತುವುದೂ ಅವಳ ಕೈಯಲ್ಲೇ ಮೊದಲಾಗಬೇಕು. ನೀರು ಸೋಕಿಸುವಂತಿಲ್ಲ, ಎಣ್ಣೆ ಸೋಕಿಸುವಂತಿಲ್ಲ. ಒಣ ಪುಡಿಯನ್ನು ಮಾಂಸದ ಎಳೆ ಹೋದ ದಿಕ್ಕಿನಲ್ಲೇ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕುಡಿಸಬೇಕು. "ಬಾಣಂತಿ ಮಗೀಗೆ ಎಣ್ಣೆ ಒತ್ತಲ್ವಾ, ಅಂಗೆ. ಗುದ್ದಿದ್ರೆ ಮುನಿಸ್ಕೊಂತದೆ" ಎಂದು ಅಮ್ಮ ಹೇಳುತ್ತಾಳೆ. ಮಾಂಸ ಮುನಿಸಿಕೊಂಡದ್ದನ್ನು ನಾನು ನೋಡಿಲ್ಲ. ಆದರೆ ಬೀದಿಯ ಹೆಂಗಸರೆಲ್ಲ ಅದನ್ನು ನಂಬಿ ಸೆರಗು ಸಿಕ್ಕಿಸಿಕೊಂಡು ಸಾಲಾಗಿ ಕೂತು ಒತ್ತುವುದನ್ನು ನೋಡಿದ್ದೇನೆ.

ಖಾರದ ಗುಟ್ಟೆಲ್ಲ ಹುರಿಯುವುದರಲ್ಲಿದೆ. ಒಣಮೆಣಸಿನಕಾಯಿಗೆ ಗುಟ್ಟಿಲ್ಲ, ಬಾಂಡ್ಲಿಯಲ್ಲಿ ಅದು ಹದಕ್ಕೆ ಬಂದಾಗ ಇಡೀ ಬೀದಿಯೇ ಕೆಮ್ಮಿ ಹೇಳುತ್ತದೆ. ಜೀರಿಗೆ ಸಿಡಿದು ಹೇಳುತ್ತದೆ. ಮೆಣಸು, ಚಕ್ಕೆ, ಲವಂಗ ಬಿಸಿಯಾದರೆ ಸಾಕು. ಧನಿಯಾ ಮಾತ್ರ ಏನೂ ಹೇಳುವುದಿಲ್ಲ. ಬಣ್ಣ ಬದಲಾಗುವುದನ್ನು ನೋಡುತ್ತ ಕೂತರೆ ಕೆಟ್ಟೆವು, ಅಷ್ಟು ಹೊತ್ತಿಗೆ ಅದು ಮೀರಿರುತ್ತದೆ. ಮೊದಲು ಹಸಿ ಸೊಪ್ಪಿನ ವಾಸನೆ, ಆಮೇಲೆ ಬಿಸಿಲಿಗೆ ಕಾದ ಹುಲ್ಲುಮೆದೆಯ ವಾಸನೆ. ಆ ಎರಡನೆಯದು ಬಂದ ಗಳಿಗೆಯಲ್ಲೇ ಇಳಿಸಬೇಕು. ಇನ್ನೊಂದು ಗಳಿಗೆ ಬಿಟ್ಟರೆ ಕಹಿ. ಆ ಕಹಿ ಒಂದು ಮನೆಯದಲ್ಲ, ಬೀದಿಯದು. ಒಣಗಿದ ಮೇಲೆ ತೊಳೆದರೂ ಹೋಗುವುದಿಲ್ಲ.

ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಎಮ್ಮೆ ಕಟ್ಟುವುದನ್ನು ಬಿಟ್ಟಿದ್ದಾಳೆ, ಮಂಡಿ ನೋವಿನಿಂದ ಹೊಲದ ಕಡೆ ಹೋಗುವುದನ್ನೂ ಬಿಟ್ಟಿದ್ದಾಳೆ. ಒಂದೊಂದು ಕೆಲಸ ಬಿಟ್ಟಾಗಲೂ ಅವಳ ಮಾತು ಒಂದಿಷ್ಟು ಕಡಿಮೆಯಾಯಿತು. ಬೀದಿಯವರು ಅವಳನ್ನು ಹುಡುಕಿಕೊಂಡು ಬರುವ ಕೆಲಸವೆಂದು ಉಳಿದಿದ್ದದ್ದು ಇದೊಂದೇ. ನಾನು ಅಂಗಿ ಹಿಡಿದು ನಿಂತುಬಿಟ್ಟದ್ದು ಅದಕ್ಕೆ. ಯುಗಾದಿಗೆ ಒಂದು ತಿಂಗಳೂ ಇರಲಿಲ್ಲ. ಮೂಗಿಲ್ಲದೆ ಧನಿಯಾ ಹುರಿಯುವುದು ಹೇಗೆ? ಹುರಿದದ್ದು ಸೀದರೆ ಬೀದಿಯವರು ಬೈಯುವುದಿಲ್ಲ, ನನಗೆ ಗೊತ್ತು. "ವಯಸ್ಸಾಯ್ತು ಬಿಡಮ್ಮ" ಎಂದು ಮೆಲ್ಲಗೆ ಹೇಳಿ, ಮುಂದಿನ ವರ್ಷ ಬರುವುದಿಲ್ಲ ಅಷ್ಟೆ.

ಹೆಂಡತಿ ಶಾಂತಿಯನ್ನು ಒಳಗೆ ಕರೆದು, ಬಾಗಿಲು ಹಾಕಿ, ದೊಡ್ಡ ರಹಸ್ಯದಂತೆ ಹೇಳಿದೆ. "ಅಮ್ಮನಿಗೆ ವಾಸನೆ ಬರ್ತಿಲ್ಲ."

ಅವಳು ಮಡಿಸುತ್ತಿದ್ದ ಸೀರೆಯಿಂದ ಕಣ್ಣೆತ್ತಲಿಲ್ಲ. "ಗೊತ್ತು. ಆ ದೊಡ್ಡ ಜ್ವರ ಬಂದಿತ್ತಲ್ಲ ಎಲ್ರಿಗೂ, ಆವಾಗ್ಲೇ ಹೋಯ್ತು. ನಾಲ್ಗೆ ಚೆನ್ನಾಗಿದೆ. ಉಪ್ಪು, ಹುಳಿ, ಸಿಹಿ ಎಲ್ಲ ಗೊತ್ತಾಗತ್ತೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಸುಮ್ನಿರ್ತಿದ್ರಾ? ಗ್ಯಾಸ್ ಲೀಕಾದ್ರೆ ಗತಿ ಏನು ಅಂತ ಸಿಲಿಂಡರ್ ಎತ್ಕೊಂಡು ಬೀದಿಗೆ ಹೋಗ್ತಿದ್ರಿ."

ಅನ್ಯಾಯದ ಮಾತು ಎನ್ನುವಂತಿರಲಿಲ್ಲ. ಅವಳು ಅದನ್ನು ಹೇಳುವ ಹೊತ್ತಿಗೆ ನಾನು ಮನಸ್ಸಿನಲ್ಲಿ ಸಿಲಿಂಡರನ್ನು ಹಿತ್ತಿಲ ಬಾಗಿಲವರೆಗೆ ಉರುಳಿಸಿಯಾಗಿತ್ತು.

"ಹಾಗಾದರೆ ಇಷ್ಟು ವರ್ಷ ಧನಿಯಾ ಹುರಿದದ್ದು ಹೇಗೆ?"

ಶಾಂತಿ ನಕ್ಕಳು. ಅವಳು ಅತ್ತೆ ಹುರಿಯುವಾಗ ಅಡಿಗೆಮನೆಯ ಹಿತ್ತಿಲ ಬಾಗಿಲಲ್ಲಿ ಏನಾದರೂ ಕೆಲಸ ಇಟ್ಟುಕೊಂಡು ನಿಲ್ಲುತ್ತಾಳೆ. ಹದದ ವಾಸನೆ ಬಂದ ಕೂಡಲೇ, "ಅತ್ತೇ, ನಲ್ಲೀಲಿ ನೀರು ಬಂತಾ?" ಎಂದು ಕೂಗುತ್ತಾಳೆ. ಅಮ್ಮ, "ಇಲ್ಲ ಕಣಮ್ಮಿ" ಎನ್ನುತ್ತ ಬಾಂಡ್ಲಿ ಇಳಿಸುತ್ತಾಳೆ. ನಮ್ಮ ಸೀಮೆಯಲ್ಲಿ ಯಾರು ಯಾವಾಗ ನೀರು ಬಂತಾ ಎಂದು ಕೇಳಿದರೂ ಯಾರಿಗೂ ವಿಚಿತ್ರವೆನಿಸುವುದಿಲ್ಲ. ನಾನಂತೂ, ಹಬ್ಬದ ದಿನವೂ ಇವಳಿಗೆ ನೀರಿನ ಚಿಂತೆಯೇ ಎಂದು ಮೆಚ್ಚಿಕೊಂಡಿದ್ದೆ; ಚಿಂತೆ ಮಾಡುವವರು ನನಗೆ ಯಾವಾಗಲೂ ಹತ್ತಿರದವರು.

"ಅಮ್ಮನಿಗೆ ಗೊತ್ತಾ, ನೀನು ಬೇಕಂತಲೇ ಕೂಗೋದು ಅಂತ?"

"ಗೊತ್ತಿಲ್ದೆ ಇರ್ತದಾ? ಆದ್ರೆ ನಾವು ಮಾತಾಡ್ಕೊಂಡಿಲ್ಲ."

ನಾನು ಮಂಚದ ಮೇಲೆ ಕೂತೆ. ಬೆಳಗಾದರೆ ಬಸ್ಸಿನ ಬ್ರೇಕು, ರೈಲಿನ ಗೇಟು, ಪಕ್ಕದ ಮನೆಯವರ ಹಳೆ ಗೋಡೆ, ಯಾರದೋ ಕೆಮ್ಮು ಎಂದು ಸಿಕ್ಕಿದ್ದಕ್ಕೆಲ್ಲ ಚಿಂತೆ ಮಾಡುವ ನನಗೆ, ಮನೆಯೊಳಗೆ ನಿಜವಾಗಿ ಚಿಂತಿಸಬೇಕಾದ ಒಂದೇ ಒಂದು ಸಂಗತಿ ತಪ್ಪಿಸಿಕೊಂಡು ಓಡಾಡುತ್ತಿತ್ತು.

ಇನ್ನೊಂದು ವಿಷಯವಿದೆ, ಸೋಂಪಿನದು. ಶಾಂತಿ ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸಿನಲ್ಲಿ. ಅವಳಪ್ಪ ಚಿನ್ನದ ಗಣಿಯಲ್ಲಿದ್ದವರು. ಗಣಿ ಕೆಲಸಗಾರರಿದ್ದ ಅವರ ಲೈನಿನ ತಮಿಳು ಮನೆಗಳಲ್ಲಿ ಮಾಂಸಕ್ಕೆ ಮೆತ್ತುವ ಖಾರದಲ್ಲಿ ಸೋಂಪು ಇರಲೇಬೇಕು. ಮದುವೆಯಾದ ಹೊಸದರಲ್ಲಿ ಅವಳು ತವರಿನಿಂದ ಒಂದು ಡಬ್ಬಿ ಆ ಖಾರ ತಂದಿದ್ದಳು. ಅಮ್ಮ ಮುಚ್ಚಳ ತೆಗೆದು ಮೂಸಿ, ಥಟ್ಟನೆ ಮುಚ್ಚಿ, "ಅಯ್ಯೋ ದೇವುಡಾ, ಇದೇನಮ್ಮಿ ಬೀಡಾ ಅಂಗ್ಡಿ ವಾಸ್ನೆ? ಕುರಿ ಮದ್ವೆ ಊಟ ಮುಗ್ಸಿ ಎಲೆಅಡಿಕೆ ಆಕ್ಕೊಂಡಂಗೈತೆ!" ಎಂದಳು. ಬೀದಿಯೆಲ್ಲ ನಕ್ಕಿತು. ಶಾಂತಿಯೂ ನಕ್ಕಳು, ಆದರೆ ಮರೆಯಲಿಲ್ಲ. ಅಂದಿನಿಂದ ಹೊಸತೊಡಕಿನ ಹಿಂದಿನ ದಿನ ಇಬ್ಬರಿಗೂ ಸೋಂಪಿನ ಜಗಳ ಒಂದು ಶಾಸ್ತ್ರವಾಗಿಬಿಟ್ಟಿದೆ. "ಅತ್ತೆ, ಒಂದು ಚಿಟಿಕೆ ಹಾಕಿ ನೋಡೋಣ." "ನಾನು ಸತ್ಮೇಲೆ ಆಕ್ಕೋ." ಸೋಂಪಿನ ಸಣ್ಣ ಡಬ್ಬಿ ಶಾಂತಿಯ ಕಪಾಟಿನಲ್ಲೇ ಉಳಿದಿದೆ, ಅವಳು ಅದನ್ನು ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಾಳೆ, ಸ್ವಲ್ಪ ಅತ್ತೆಗೆ ಕಾಣುವಂತೆಯೇ.

ಅಂದು ನನಗೆ ಹೊಳೆದದ್ದನ್ನು ಕೇಳಿಯೇಬಿಟ್ಟೆ. "ಇಷ್ಟು ವರ್ಷ ನೀನು ಖಾರಕ್ಕೆ ಹಿಡಿ ಸೋಂಪು ಸುರಿದಿದ್ರೂ ಅಮ್ಮನಿಗೆ ಗೊತ್ತಾಗ್ತಿರಲಿಲ್ಲ. ಯಾಕೆ ಹಾಕಲಿಲ್ಲ?"

ಶಾಂತಿ ನನ್ನನ್ನು ಹೊಸಬನಂತೆ ನೋಡಿದಳು. "ಚೀ, ಏನ್ರೀ ಮಾತು ಇದು? ವಾಸ್ನೆ ಬರೋರ ಜೊತೆ ಜಗಳ ಆಡ್ಬೋದು. ವಾಸ್ನೆ ಬರ್ದೇ ಇರೋರ ಜೊತೆ ಆಡಿದ್ರೆ ಅದು ಜಗಳಾನಾ?"

ಈ ಮಾತಿನ ಮೇಲೆ ನಾನು ಸುಮ್ಮನಿರಬಹುದಿತ್ತು. ಅವರಿಬ್ಬರ ಏರ್ಪಾಟು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಯುಗಾದಿಯ ದಿನ ಒಬ್ಬಟ್ಟು ತಿನ್ನುತ್ತಿರುವಾಗ ಶಾಂತಿಯ ಫೋನು ಬಡಿದುಕೊಂಡಿತು. ಅವಳ ತಂಗಿ. "ಅಕ್ಕಾ, ಅಮ್ಮಾ ಕೀಳೆ ವಿಳುಂದುಟ್ಟಾಂಗ, ಸೀಕ್ರಂ ವಾ!" ಎಂಬ ತಮಿಳು ಕೂಗು ಪಕ್ಕದಲ್ಲಿದ್ದ ನನಗೂ ಕೇಳಿಸಿತು: ಅಮ್ಮ ಬಿದ್ದುಬಿಟ್ಟಿದ್ದಾರೆ, ಬೇಗ ಬಾ. ಬಚ್ಚಲಲ್ಲಿ ಜಾರಿಬಿದ್ದು ಶಾಂತಿಯ ತಾಯಿಯ ಕಾಲು ಉಳುಕಿತ್ತು. ಶಾಂತಿ ಆಗಲೇ ಚಾಂಪಿಯನ್ ರೀಫ್ಸಿಗೆ ಹೊರಟಳು. ಗೇಟಿನ ಹತ್ತಿರ ನಿಂತು ಅಂದದ್ದು ಇಷ್ಟೇ: "ನಾಳೆ ನೀರು ಬಂತಾ ಅಂತ ಕೇಳೋದು ನಿಮ್ಮ ಕೆಲ್ಸ."

ನನ್ನ ಮೂಗಿನ ಮೇಲೆ ನನಗೆ ಯಾವಾಗ ನಂಬಿಕೆಯಿತ್ತು? ಅಂದೇ ಸಂಜೆ ನೆಗಡಿ ಬಂದಂತೆನಿಸಿತು. ಬಿಸಿನೀರಿನ ಹಬೆ ಹಿಡಿದೆ, ಬಾಳೆಹಣ್ಣು ಬಿಟ್ಟೆ. ಅಲ್ಲದೆ, ಎಲ್ಲಿ ನನ್ನ ತಲೆಗೆ ಬೀಳುತ್ತದೋ ಎಂದು ಒಂದು ವಾರ ಮುಂಚೆಯೇ ನಾನು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಗುಟ್ಟಾಗಿ ಅಭ್ಯಾಸವನ್ನೂ ಮಾಡಿದ್ದೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಹುರಿದ ಧನಿಯಾ, ಹುರಿಯದ ಧನಿಯಾ ಎರಡನ್ನೂ ಅಂಗೈಯಲ್ಲಿ ಹಿಡಿದು ಮೂಸುತ್ತ ನಿಂತಿದ್ದಾಗ ಅಂಗಡಿಯಾತ, "ಸಾರ್, ಕಾಸು ಕೊಟ್ಟು ವಾಂಗ್ತೀರಾ, ಇಲ್ಲಾ ಮೂಸಿ ಮೂಸೀನೇ ಖಾಲಿ ಮಾಡ್ತೀರಾ?" ಎಂದಿದ್ದ. ನಾಚಿಕೆಯಿಂದ ರೆಡಿಮೇಡ್ ಮಟನ್ ಮಸಾಲೆಯ ಪ್ಯಾಕೆಟ್ಟುಗಳನ್ನು ಕೊಂಡು ಬ್ಯಾಗಿನ ತಳದಲ್ಲಿಟ್ಟಿದ್ದೆ. ಎಲ್ಲ ಸೀದು ಹೋದರೆ ಯಾರಿಗೂ ಕಾಣದಂತೆ ಅದಲುಬದಲು ಮಾಡುವ ಯೋಜನೆ.

ಹೊಸತೊಡಕಿನ ಬೆಳಿಗ್ಗೆ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಸೌದೆ ಉರಿ ಹಾಕಿದಳು ಅಮ್ಮ. ಬೀದಿಯ ತುದಿಯಲ್ಲಿ ಗುಡ್ಡೆ ಹಾಕುವವರ ಜಗಳ ಆಗಲೇ ಏರಿತ್ತು. ನಾನು ಗಾಳಿ ಬೀಸುವ ಕಡೆ ನೋಡಿಕೊಂಡು ಸ್ಟೂಲು ಹಾಕಿ, ಪೇಪರು ಹಿಡಿದು ಕೂತೆ. ಓದುತ್ತಿರಲಿಲ್ಲ. ಮೆಣಸಿನಕಾಯಿ ಆಯಿತು, ಬೀದಿ ಕೆಮ್ಮಿತು. ಜೀರಿಗೆ ಸಿಡಿಯಿತು. ಪಕ್ಕದ ಮನೆಯ ಮುನಿಯಮ್ಮ ಎಲ್ಲರಿಗಿಂತ ಮೊದಲು ಪಾತ್ರೆ ಹಿಡಿದು ಬಂದು ಕಟ್ಟೆಯ ಮೇಲೆ ಕೂತಳು. ಅಮ್ಮನ ಓರಗೆಯವಳು, ಬಾಯಿ ಬೊಂಬಾಯಿ.

"ಏನಪ್ಪಾ, ಎಂಡ್ತಿ ಇಲ್ದಿದ್ರೆ ಪೇಪರ್ ತಿರುಗಾ ಇಡ್ಕೊಂಡು ಓದ್ತಾರಾ?"

ಪೇಪರು ನಿಜವಾಗಿಯೂ ತಲೆಕೆಳಗಾಗಿತ್ತು. ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮ ಬಾಂಡ್ಲಿಗೆ ಧನಿಯಾ ಸುರಿದಳು.

ನಾನು ಕಣ್ಣು ಮುಚ್ಚಿದೆ. ಹೊಗೆ, ಮಾಂಸ, ಮುನಿಯಮ್ಮನ ಕೊಬ್ಬರಿ ಎಣ್ಣೆ, ಬೂದಿ. ಆಮೇಲೆ ಹಸಿ ಸೊಪ್ಪಿನ ವಾಸನೆ ಎದ್ದಿತು. ಆಮೇಲೆ ಇನ್ನೇನೋ. ಹುಲ್ಲುಮೆದೆಯೇ? ಹುಲ್ಲುಮೆದೆಯ ವಾಸನೆ ನಾನು ಕೊನೆಯ ಸಲ ಮೂಸಿದ್ದು ಯಾವಾಗ? ಅದೇ ಇರಬೇಕು ಎನಿಸಿತು. ಇಲ್ಲ, ಅದು ಬಂದು ಹೋಗಿಬಿಟ್ಟಿದೆ ಎನಿಸಿತು.

"ಅಮ್ಮಾ, ನಲ್ಲೀಲಿ ನೀರು ಬಂತಾ?"

ಅಮ್ಮ ಬಾಂಡ್ಲಿ ಇಳಿಸಲಿಲ್ಲ. ಸೌಟು ಆಡಿಸುತ್ತಲೇ ಇದ್ದಳು. ಉತ್ತರ ಕೊಟ್ಟದ್ದು ಮುನಿಯಮ್ಮ. "ನೀರು ನೆನ್ನೆ ತಾನೆ ಬಂದೋಯ್ತಲ್ಲಪ್ಪ, ಇನ್ನು ವಾರ ಬಿಟ್ಟು."

"ಅಮ್ಮಾ, ನೀರು!" ಈ ಸಲ ನಾನು ಎದ್ದೇ ನಿಂತಿದ್ದೆ.

"ಬತ್ತದೆ, ಇರಲಾ" ಎಂದಳು ಅಮ್ಮ.

ಎದ್ದ ಹೊಗೆ ಬಾಂಡ್ಲಿಯದೋ ಸೌದೆಯದೋ ತಿಳಿಯಲಿಲ್ಲ. ನನಗೆ ಇಡೀ ಬೀದಿಯ ಮಾಂಸ ಕಹಿಯಾಗಿ ತಂತಿಗಳ ಮೇಲೆ ನೇತಾಡುವುದು ಕಂಡಿತು. ಮುಂದಿನ ವರ್ಷ ಈ ಕಟ್ಟೆ ಖಾಲಿ ಇರುವುದು ಕಂಡಿತು. "ಅಮ್ಮ, ಸೀದುಹೋಗ್ತಿದೆ! ನಿನಗೆ ವಾಸ..." ಎಂದುಬಿಟ್ಟಿದ್ದೆ. ಮುನಿಯಮ್ಮನ ಮುಖ ನನ್ನ ಕಡೆ ತಿರುಗಿತು. ಮಿಕ್ಕ ಅಕ್ಷರವನ್ನು ನಾನು ಹೇಗೆ ನುಂಗಿದೆನೋ ಕಾಣೆ.

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಕೋಪವಿರಲಿಲ್ಲ. ಚಿಕ್ಕಂದಿನಲ್ಲಿ ಉಪ್ಪುಕಂಡಕ್ಕೆ ಕಾಗೆ ಕಾಯಲು ಕೂರಿಸಿದಾಗ, ಒಂದು ಮೋಡಕ್ಕೆ ಹೆದರಿ ಎಲ್ಲವನ್ನೂ ಬಾಚಿಕೊಂಡು ಕೆಳಗೆ ಓಡಿಬಂದಿದ್ದವನನ್ನು ನೋಡಿದ್ದಳಲ್ಲ, ಅದೇ ನೋಟ. ಮತ್ತೆ ತಲೆ ತಗ್ಗಿಸಿ, ತನಗೆ ತಾನೇ ಏನೋ ತೆಲುಗಿನ ಪದ ಗುನುಗುತ್ತ ಸೌಟು ಆಡಿಸಿದಳು. ಪದದ ಒಂದು ಸಾಲು ಮುಗಿಯಿತು. ಬಾಂಡ್ಲಿ ಇಳಿಸಿ ಧನಿಯಾವನ್ನು ಮೊರಕ್ಕೆ ಸುರಿದಳು.

ನಾನು ಓಡಿಹೋಗಿ ಮೊರದ ಮೇಲೆ ಮುಖವಿಟ್ಟೆ. ಕಾದ ಹುಲ್ಲುಮೆದೆ. ಚೂರೂ ಹೆಚ್ಚಿಲ್ಲ, ಚೂರೂ ಕಡಿಮೆಯಿಲ್ಲ. ಮುನಿಯಮ್ಮನೂ ಬಗ್ಗಿ ಮೂಸಿ, ಎರಡು ಕಾಳು ಬಾಯಿಗೆ ಹಾಕಿಕೊಂಡು, "ನಿನ್ ಕೈ ನಿನ್ ಕೈಯೇ ಬಿಡು, ಯೆಂಕಟಮ್ಮ" ಎಂದಳು. ಗುಡ್ಡೆಯಲ್ಲಿ ತನ್ನ ಪಾಲು ಬಂತೇನೋ ನೋಡಿಬರುತ್ತೇನೆಂದು ಎದ್ದು ಹೋದಳು.

ನಾವಿಬ್ಬರೇ ಉಳಿದೆವು. ನಾನು ಒರಳಿಗೆ ಧನಿಯಾ ತುಂಬುವ ನೆವದಲ್ಲಿ ಹತ್ತಿರ ಕೂತೆ. "ನಿನಗೆ ಹೇಗೆ ಗೊತ್ತಾಯ್ತು?"

ಅಮ್ಮ ಒನಕೆ ತೆಗೆದುಕೊಂಡಳು. "ಸಾಂತಿ ಕೂಗಿದ್ರೆ ಕೂಗ್ದೇಟ್ಗೆ ಇಳಿಸ್ತೀನಿ. ನೀನ್ ಕೂಗಿದ್ರೆ ಇನ್ನೂ ಅಸೀ ಇರ್ತದೆ ಅಂತ ಲೆಕ್ಕ. ಆಲು ಉಕ್ಕೋಕೆ ಮುಂಚೆ ಇಳಿಸೋನು, ರೈಲಿಗೆ ಮುಂಚೆ ಟೇಸನ್‌ಗೆ ಓಗಿ ಕೂರೋನು. ನೀನು ಎರಡು ಕಿತ ಕೂಗ್ಬೇಕು, ಆಮೇಲೆ ಎದ್ದು ಕುಣೀಬೇಕು, ಆಮೇಲೆ ನಾನೊಂದ್ ಸಾಲು ಪದ ಏಳ್ಕೋಬೇಕು. ಆವಾಗ್ ಅದ ಬತ್ತದೆ." ಒನಕೆ ಎತ್ತಿ ಹಾಕಿದಳು. "ಉಟ್ಟಿದಾಗ್ನಿಂದ ನೋಡ್ತಿಲ್ವೇನ್ಲಾ ನಿನ್ನ?"

ಇಷ್ಟು ವರ್ಷ ನನ್ನ ಭಯದಿಂದ ಯಾರಿಗೂ ಯಾವ ಉಪಯೋಗವೂ ಆಗಿರಲಿಲ್ಲ. ಇಂದು ಅದು ಒಂದು ಗಡಿಯಾರದಂತೆ ಕೆಲಸಕ್ಕೆ ಬಂದಿತ್ತು. ಮುಂದೆ ಓಡುವ ಗಡಿಯಾರವೂ, ಎಷ್ಟು ಮುಂದಿದೆ ಎಂದು ತಿಳಿದವರ ಮನೆಯಲ್ಲಿ, ಸರಿಯಾದ ಸಮಯವನ್ನೇ ಹೇಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಹಿತ್ತಿಲು ತುಂಬಿತು. ಅಮ್ಮ ಪ್ರತಿ ಪಾತ್ರೆಯ ಮೊದಲ ತುಂಡಿಗೂ ತಾನೇ ಖಾರ ಒತ್ತಿ ಕೊಟ್ಟಳು. ಯಾರಿಗೆ ಎಲುಬು ಹೆಚ್ಚು ಬಂದಿದೆಯೆಂದು ಅವಳೂ ಜೋರಾಗಿ ಜಗಳವಾಡಿದಳು. ಅವಳ ಬಾಯಿಂದ ಎರಡು ಮಾತು ಕೇಳಿ ಎಷ್ಟೋ ದಿನವಾಗಿತ್ತು, ಅಂದು ಮಾತು ನಿಲ್ಲಿಸಲೇ ಇಲ್ಲ. ಬ್ಯಾಗಿನಲ್ಲಿದ್ದ ಪ್ಯಾಕೆಟ್ಟುಗಳನ್ನು ನಾನು ಕಚೇರಿಯ ಮೇಜಿನೊಳಕ್ಕೆ ಸಾಗಿಸಿದ್ದೇನೆ; ಈಗ ನನ್ನ ಫೈಲುಗಳನ್ನು ನೋಡಿದವರಿಗೆ ಹಸಿವಾಗುತ್ತದೆ.

ಮರುದಿನ ಮಧ್ಯಾಹ್ನದ ರೈಲಿಗೆ ಶಾಂತಿ ಬಂದಳು. ತಾಯಿಯ ಕಾಲಿಗೆ ಪಟ್ಟಿ ಕಟ್ಟಿಸಿ, ತಂಗಿಗೆ ಒಪ್ಪಿಸಿ ಬಂದಿದ್ದಳು. ಚೀಲ ಇಳಿಸಿದವಳೇ ನೇರ ಮಾಳಿಗೆಗೆ ಹೋಗಿ, ಗೇಟಿನ ಕಡೆಯ ತಂತಿಯ ಉದ್ದಕ್ಕೂ ಮೂಸುತ್ತ ನಡೆದಳು. ಮೆಟ್ಟಿಲಿಳಿದು ಬಂದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ವಿನಯದಿಂದ ತಲೆ ತಗ್ಗಿಸಿದೆ. ಸತ್ಯವನ್ನು ಆಮೇಲೆ ಹೇಳಿದರಾಯಿತು.

ಊಟವಾಯಿತು. ಅಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಶಾಂತಿ ಎಂದಿನಂತೆ ಸೋಂಪಿನ ಡಬ್ಬಿ ತೆಗೆದಳು. ಅಮ್ಮ ಅದನ್ನು ನೋಡುತ್ತಿದ್ದು, ಬಾಗಿಲ ಕಡೆ ಮುಖ ತಿರುಗಿಸಿ, ಯಾರಿಗೋ ಹೇಳುವಂತೆ ಹೇಳಿದಳು: "ಬರೋ ವರ್ಸದ್ ಖಾರಕ್ಕೆ ಒಂದಿಡಿ ಅದ್ನೂ ಆಕ್ಬಿಡಮ್ಮಿ. ನಂಗೇನು, ವಾಸ್ನೆ ಬತ್ತದಾ?"

ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ಶಾಂತಿಯ ಕೈ ಡಬ್ಬಿಯ ಮೇಲೆಯೇ ನಿಂತಿತು. ಅವಳು ಗೆದ್ದಿದ್ದಳು, ಮದುವೆಯಾದ ಹೊಸದರಿಂದ ಕಾದಿದ್ದ ಗೆಲುವು. ಅವಳ ಮುಖದಲ್ಲಿ ಅದು ಎಲ್ಲೂ ಕಾಣಲಿಲ್ಲ.

"ಬೇಡ ಅತ್ತೆ" ಎಂದಳು. "ಬೀಡಾ ಅಂಗ್ಡಿ ವಾಸ್ನೆ ಬರತ್ತೆ."

ಅಮ್ಮ ತಿರುಗಿ ನೋಡಿದಳು. ಆಮೇಲೆ ಅಮ್ಮ ಖಾರ ಒತ್ತಿ ಒತ್ತಿ ಇನ್ನೂ ಕೆಂಪಗಿದ್ದ ಅಂಗೈಯನ್ನು ಚಾಚಿದಳು. ಶಾಂತಿ ಡಬ್ಬಿ ಬಗ್ಗಿಸಿ ನಾಲ್ಕು ಕಾಳು ಉದುರಿಸಿದಳು. ಅಮ್ಮ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಸೀ ಐತಲ್ಲಮ್ಮಿ ಇದು, ಬೆಲ್ಲ ಇದ್ದಂಗೆ" ಎಂದಳು. "ಯಾರೂ ಏಳ್ಲೇ ಇಲ್ಲ."